ಕಡತದಿಂದ ಕುಕೀವರೆಗೆ: ಅಳಿಸಿದ್ದು ಅಳಿಯುತ್ತದೆಯೇ?

ನಾವು ಇಂಟರ್‌ನೆಟ್ ಕಲಿತದ್ದು ಹೊಸಪೇಟೆ ಬಸ್ ನಿಲ್ದಾಣದ ಹತ್ತಿರದ ಸೈಬರ್ ಸೆಂಟರ್‌ಗಳಲ್ಲಿ, ಗಂಟೆಗೆ 20 ರೂಪಾಯಿ ಕೊಟ್ಟು. ಒಂದು ದಿನ ಮೇಲ್ ನೋಡಲು ಕೂತರೆ ಪಾಸ್‌ವರ್ಡ್ ಕೇಳದೆಯೇ ಯಾರದೋ ಇನ್‌ಬಾಕ್ಸ್ ತೆರೆದುಕೊಂಡಿತು. ಸಂಡೂರು ಕಡೆಯ ಹುಡುಗನೊಬ್ಬನದು. ಕೆಲಸಕ್ಕೆ ಹಾಕಿದ ಅರ್ಜಿ, ಅಂಕಪಟ್ಟಿ, ಮನೆ ವಿಳಾಸ ಎಲ್ಲವೂ ಕಣ್ಣೆದುರಿಗಿದ್ದವು. ಲಾಗ್‌ಔಟ್ ಮಾಡಿ ಸೆಂಟರಿನ ಅಣ್ಣನಿಗೆ ಹೇಳಿದೆವು. "ಎಲ್ಲಾ ಡಿಲೀಟ್ ಮಾಡ್ತೀನಿ ಬಿಡ್ರಿ" ಅಂದ. ಡಿಲೀಟ್ ಆದದ್ದು ಎಲ್ಲಿಗೆ ಹೋಗುತ್ತದೆ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ನಾಡಿನಲ್ಲಿ ಅಳಿಸುವುದಕ್ಕೆ ಹಳೆಯ ಚರಿತ್ರೆಯಿದೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಎದುರು ಕೃಷ್ಣದೇವರಾಯನ ಪಟ್ಟಾಭಿಷೇಕ ಕಾಲದ ಶಾಸನ ನಿಂತಿದೆ. ಅದು ಅಳಿಯಬಾರದೆಂದೇ ಕಲ್ಲಿನಲ್ಲಿ ಕೊರೆದದ್ದು. ದಿನದ ಲೆಕ್ಕಕ್ಕೆ ಬೇರೆಯದೇ ವಸ್ತುವಿತ್ತು: ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಿತ್ತು, ವರ್ತಕರು ಲೆಕ್ಕಕ್ಕೆ ಬಳಸುತ್ತಿದ್ದರು. ಒರೆಸದೆ ಬಿಟ್ಟರೆ ಬಹುಕಾಲ ಬಾಳುತ್ತಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ. ಆದರೆ ಒರೆಸುವ ಬಟ್ಟೆ ಅಂಗಡಿಯವನ ಕೈಯಲ್ಲಿತ್ತು, ಸಾಲಗಾರನ ಕೈಯಲ್ಲಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರು. ಹೆಸರು ಉಳಿದರೂ ಗುಣ ಉಳಿಯಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಕಡತ ಡಿಲೀಟ್ ಮಾಡಿದರೆ ಸಾಮಾನ್ಯವಾಗಿ ಅಳಿಯುವುದು ಅದರ ಪರಿವಿಡಿಯ ಸಾಲು ಮಾತ್ರ. ಈ ಜಾಗ ಖಾಲಿಯಿದೆ ಎಂದು ಗುರುತು ಬೀಳುತ್ತದೆ. ಅದರ ಮೇಲೆ ಹೊಸದೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ, ರಿಕವರಿ ಸಾಫ್ಟ್‌ವೇರ್ ಇದ್ದವರು ಎತ್ತಿಕೊಳ್ಳಬಹುದು. ಖಾಲಿ ಜಾಗದ ಮೇಲೆ ಬರೆದುಬಿಡುವ 'ಸೈಫರ್' ಎಂಬ ಆದೇಶ ವಿಂಡೋಸ್‌ನಲ್ಲೇ ಇದೆ. ಎಸ್‌ಎಸ್‌ಡಿಯ ಲೆಕ್ಕ ಬೇರೆ: ಎಲ್ಲಿ ಬರೆಯಬೇಕು, ಯಾವಾಗ ಒರೆಸಬೇಕು ಎಂದು ಅದೇ ತೀರ್ಮಾನಿಸುತ್ತದೆ.

ಆ ಹುಡುಗನ ಇನ್‌ಬಾಕ್ಸ್ ತೆರೆದದ್ದು ಕುಕೀಯ ಕೆಲಸ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು. ವೆಬ್‌ಸೈಟಿಗೆ ನೆನಪಿರಲಿಲ್ಲ, ಪುಟದಿಂದ ಪುಟಕ್ಕೆ ಹೋದರೆ ನೀವು ಯಾರೆಂದು ಅದಕ್ಕೆ ಮರೆತುಹೋಗುತ್ತಿತ್ತು. ಅದಕ್ಕಾಗಿ ಒಂದು ಸಣ್ಣ ಚೀಟಿ. ಕ್ಯಾಶ್ ಅಂದರೆ ಪುಟ ಬೇಗ ತೆರೆಯಲೆಂದು ಚಿತ್ರ ಮುಂತಾದವನ್ನು ಬ್ರೌಸರ್ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದು. (ನಮ್ಮಲ್ಲಿ ಒಬ್ಬರು ಬಹಳ ದಿನ ಇದನ್ನು ದುಡ್ಡಿನ ಕ್ಯಾಶ್ ಎಂದೇ ತಿಳಿದಿದ್ದರು.) ಒಬ್ಬರಿಗೆ ಒಂದು ಕಂಪ್ಯೂಟರ್ ಇರುವ ಕಡೆ ಇವೆರಡೂ ಅನುಕೂಲವೇ. ದಿನಕ್ಕೆ ನಲವತ್ತು ಜನ ಒಂದೇ ಕುರ್ಚಿಯಲ್ಲಿ ಕೂರುವ ಊರುಗಳನ್ನು ಇವನ್ನು ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ನಮಗನ್ನಿಸುವುದಿಲ್ಲ.

ಆಮೇಲೆ ಕಾನೂನು ಬಂತು. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆ ನಿಯಮಗಳನ್ನು ಹೊರಡಿಸಿತು. ಬಂದವರ ಗುರುತಿನ ಚೀಟಿ ನೋಡಬೇಕು, ಯಾವ ಜಾಲತಾಣ ನೋಡಿದರೆಂಬ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಬ್ರೌಸರಿನಲ್ಲಿ ನೀವು ಏನೇ ಅಳಿಸಿ, ಮಾಲೀಕನ ಹತ್ತಿರ ಪ್ರತಿ ಇರಬೇಕು. ಹಂಪಿ ಬಜಾರಿನಲ್ಲಿ ವಿದೇಶಿ ಪ್ರವಾಸಿಗರನ್ನು ನಂಬಿ ಇಂಟರ್‌ನೆಟ್ ಅಂಗಡಿಗಳಿದ್ದವು. ಅದೇ ವರ್ಷ ಜುಲೈ 29ರಂದು ಬಜಾರನ್ನೇ ಜೆಸಿಬಿ ತೆರವುಗೊಳಿಸಿತು. ಅದು ಬೇರೆಯದೇ ಅಳಿಸುವಿಕೆ, ಇನ್ನೊಮ್ಮೆ ಬರೆಯುತ್ತೇವೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ನಮ್ಮ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕಿದೆ. ಅಷ್ಟರಲ್ಲಿ ಸೈಬರ್ ಸೆಂಟರ್ ಹೋಗಿ ಆನ್‌ಲೈನ್ ಸೆಂಟರ್ ಬಂದಿತ್ತು. ಈಗ ಜನ ಕೀಬೋರ್ಡ್ ಮುಟ್ಟುವುದೂ ಇಲ್ಲ. ಆಧಾರ್, ಪಾಸ್‌ಬುಕ್, ಒಟಿಪಿ ಎಲ್ಲವನ್ನೂ ಎದುರಿಗೆ ಕೂತವನಿಗೆ ಕೊಡುತ್ತಾರೆ.

ಹೋದ ತಿಂಗಳು ಕಂಪ್ಲಿಯ ಇಂಥದೊಂದು ಅಂಗಡಿಯಲ್ಲಿ ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ ಮುಗಿಯುವವರೆಗೆ ಕೂತಿದ್ದೆವು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ನೂರಾರು ಜನರ ಆಧಾರ್ ಪ್ರತಿಗಳಿದ್ದವು. ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಅವಧಿಯಲ್ಲಿ 'ಆಲ್ ಟೈಮ್' ಆರಿಸಿ ಕುಕೀ, ಕ್ಯಾಶ್ ತೆಗೆಯುವುದನ್ನು ಹುಡುಗನಿಗೆ ತೋರಿಸಿದೆವು. ಡೌನ್‌ಲೋಡ್ ಆದ ಕಡತಗಳು ಇದರಿಂದ ಹೋಗುವುದಿಲ್ಲ, ಅವನ್ನು ಬೇರೆ ತೆಗೆದು ರೀಸೈಕಲ್ ಬಿನ್ ಕೂಡ ಖಾಲಿ ಮಾಡಬೇಕು ಎಂದೆವು. ಅವನು ಅಜ್ಜಿಯದನ್ನು ತೆಗೆದ. ಉಳಿದವರದು ಸಂಜೆ ನೋಡ್ತೀನಿ ಅಂದ.

"ನಂದು ಹೋತೇನಪಾ?" ಎಂದು ಅಜ್ಜಿ ಪರದೆಗೆ ಬಗ್ಗಿದರು. "ಹೋತಬೇ" ಅಂದ ಹುಡುಗ. ಅಜ್ಜಿ ನಮ್ಮ ಕಡೆ ತಿರುಗಿದರು.