ನ್ಯೂ ಆರ್ಲಿಯನ್ಸಿನ ಸ್ತ್ರೀಯರೂ ಇಪ್ಪತ್ತೆಂಟನೆಯ ಆಜ್ಞೆಯೂ

ಗುಲಾಮಗಿರಿಯನ್ನು ಬಿಡಲೊಲ್ಲದೆ ಬೇರೆಯಾದ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ನ್ಯೂ ಆರ್ಲಿಯನ್ಸೇ ಅತಿ ದೊಡ್ಡ ಪಟ್ಟಣ. ಅಂತರ್ಯುದ್ಧದ ಎರಡನೆಯ ವರ್ಷ, 1862ನೆಯ ಇಸವಿ ಮೇ 1ರಂದು, ಉತ್ತರದವರ ಸೇನಾನಿ ಬೆಂಜಮಿನ್ ಬಟ್ಲರನು ಅದನ್ನು ಹೊಕ್ಕನು. ದಕ್ಷಿಣದ ಸೈನ್ಯವು ಮೊದಲೇ ಊರು ಬಿಟ್ಟು ಹೋಗಿತ್ತು. ವೈರವನ್ನು ಬಹಿರಂಗವಾಗಿ ಸಾಧಿಸಿದವರು ಹೆಂಗಸರು.

ಅವರ ಆಯುಧಗಳನ್ನು ಕೇಳಿದರೆ ನಗು ಬಂದೀತು. ನೀಲಿ ಅಂಗಿಯ ಅಧಿಕಾರಿ ಟ್ರಾಮು ಹತ್ತಿದರೆ ಇವರು ಇಳಿದುಬಿಡುವರು. ಇಗರ್ಜಿಯಲ್ಲಿ ಆತನು ಕುಳಿತ ಸಾಲಿನಿಂದ ಎದ್ದು ಹೋಗುವರು. ಎದುರಿಗೆ ಬಂದರೆ ಬೀದಿಯ ನಡುವಿಗೆ ಸರಿಯುವರು. ನೌಕಾಧಿಪತಿ ಫ್ಯಾರಗಟ್ಟನ ಮೇಲೆ ಉಪ್ಪರಿಗೆಯಿಂದ ಹೊಲಸು ನೀರು ಸುರಿಯಿತೆಂಬ ಕಥೆಯೂ ಉಂಟು. ಇಷ್ಟಕ್ಕೆ ಹೆಂಗಸರನ್ನು ಸೆರೆಹಿಡಿದರೆ ಊರು ದಂಗೆಯೇಳುವುದೆಂಬ ಭಯ ಬಟ್ಲರನಿಗಿತ್ತು. ಆತನು ವೃತ್ತಿಯಿಂದ ವಕೀಲ. ಮೇ 15ರಂದು ಹೊರಡಿಸಿದ ಇಪ್ಪತ್ತೆಂಟನೆಯ ಆಜ್ಞೆಯಲ್ಲಿ, ಮಾತಿನಿಂದಾಗಲಿ ಸಂಜ್ಞೆಯಿಂದಾಗಲಿ ಸೈನಿಕರನ್ನು ಅವಮಾನಿಸುವ ಹೆಂಗಸನ್ನು ವೃತ್ತಿನಿರತಳಾದ ವೇಶ್ಯೆಯೆಂದೇ ಎಣಿಸತಕ್ಕದ್ದೆಂದು ವಿಧಿಸಿದನು. ಅವಮಾನಗಳು ಬಹುಮಟ್ಟಿಗೆ ನಿಂತವು. ಅಪಕೀರ್ತಿಯಾದರೋ ಲಂಡನ್ನಿಗೂ ಮುಟ್ಟಿ, ಪ್ರಧಾನಮಂತ್ರಿ ಪಾಮರ್‌ಸ್ಟನ್ನನು ಪಾರ್ಲಿಮೆಂಟಿನಲ್ಲಿಯೇ ಆಜ್ಞೆಯನ್ನು ಖಂಡಿಸಿದನು. ಅದು ಹೇಯವಾದುದೇ, ಸಂದೇಹವಿಲ್ಲ.

ಆದರೂ ಈ ಮಹಿಳೆಯರ ಧೈರ್ಯವನ್ನು ಕೊಂಡಾಡುವವರು ಅವರ ಅಡಿಗೆಮನೆಗಳತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು. ಅಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅದೇ ನೀಲಿ ಅಂಗಿ ಬಿಡುಗಡೆಯ ಆಸೆ ಹುಟ್ಟಿಸಿತು. ಅನೇಕರು ಒಡೆಯರನ್ನು ತೊರೆದು ಪಾಳೆಯಗಳಿಗೆ ಓಡಿಬಂದರು. ಅವರಿಗೆ ಆಯುಧ ಕೊಡಲು ಬಟ್ಲರನೇ ಮೊದಲು ಹಿಂಜರಿದನು. ಸೆಪ್ಟೆಂಬರ್ 27ರಂದು ಆಫ್ರಿಕಾ ಮೂಲದವರ ಮೊದಲ ದಳವು ಅದೇ ಊರಿನಲ್ಲಿ ಆತನ ಸೈನ್ಯವನ್ನು ಸೇರಿತು.