ಬಾಯಿ ಆರೋಗ್ಯಕ್ಕೆ ಪಂಚಾಯಿತಿ ಹಣ: ದಢೇಸುಗೂರು ಸೀಮೆಯ ಚರಿತ್ರೆ

ದಢೇಸುಗೂರು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಗ್ರಾಮ. ಇಲ್ಲಿನ ತುಂಗಭದ್ರಾ ಸೇತುವೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಿಂದಾಗಿ ಭತ್ತ ಬೆಳೆಯುವವರಿಗೆ ಊರಿನ ಹೆಸರು ಚೆನ್ನಾಗಿ ಗೊತ್ತು. ಈ ಊರನ್ನೂ ಸುತ್ತಲಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳನ್ನೂ ಎದುರಿಗಿಟ್ಟುಕೊಂಡು, ಜನರ ಹಲ್ಲು ಮತ್ತು ಬಾಯಿಯ ಆರೋಗ್ಯಕ್ಕೆ ಸ್ಥಳೀಯ ಸರ್ಕಾರದ ಹಣ ಯಾವ ದಾರಿಯಲ್ಲಿ ಬಂತು ಎಂಬುದನ್ನು ಇಲ್ಲಿ ನೋಡಲಾಗಿದೆ. ಪಂಚಾಯಿತಿಯ ಲೆಕ್ಕದಲ್ಲಿ ಹಲ್ಲಿಗೆಂದೇ ಬೇರೆ ಶೀರ್ಷಿಕೆ ಇಲ್ಲ. ಹಾಗಾಗಿ ಇದು ಬಹುಪಾಲು ಕುಡಿಯುವ ನೀರಿನ ಖರ್ಚಿನ ಚರಿತ್ರೆ. ಆರೋಗ್ಯ ಕರ ಮತ್ತು ಒಂದು ಸಣ್ಣ ಸಮಿತಿ ಅನುದಾನದ ಮಾತೂ ನಡುವೆ ಬರುತ್ತದೆ.

1956ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ ಅದೇ ಹೆಸರಿನ ರಾಜ್ಯದಲ್ಲಿ ಇತ್ತು. ಲಿಂಗಸುಗೂರು 1905ರ ತನಕ ತಾನೇ ಒಂದು ಜಿಲ್ಲೆಯಾಗಿತ್ತು. ನಿಜಾಮರ ಆಡಳಿತದಲ್ಲಿ ಕಂದಾಯದ ಜೊತೆ ರೂಪಾಯಿಗೆ ಒಂದಾಣೆ ಸ್ಥಳೀಯ ಕರ ವಸೂಲಾಗುತ್ತಿತ್ತು. ರಸ್ತೆ, ಶಾಲೆ, ದವಾಖಾನೆಗಳ ಖರ್ಚು ನಡೆದದ್ದು ಆ ನಿಧಿಯಿಂದ. ಹಳ್ಳಿಯವರ ದಂತಸೇವೆ ಬೇವಿನ ಕಡ್ಡಿ, ಇದ್ದಿಲು, ಬೂದಿಗಳಲ್ಲಿ ಮುಗಿಯುತ್ತಿತ್ತು.

ಏಕೀಕರಣದ ನಂತರ ಎರಡು ಕಾನೂನುಗಳು ಮುಖ್ಯವಾದವು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕಗಳ ಪಂಚಾಯಿತಿಗಳನ್ನು ಒಂದೇ ಚೌಕಟ್ಟಿಗೆ ತಂದಿತು. ಇನ್ನೊಂದು 1962ರ ಆರೋಗ್ಯ ಕರ ಕಾಯ್ದೆ. ಮನೆ, ನಿವೇಶನಗಳ ತೆರಿಗೆಯ ಮೇಲೆ ಆರೋಗ್ಯದ ಹೆಸರಿನಲ್ಲಿ ಉಪಕರ ಹಾಕುವ ಕಾನೂನು ಇದು. ನಂತರದ ದಶಕಗಳಲ್ಲಿ ಇದರ ದರ ತೆರಿಗೆಯ ಶೇಕಡಾ 15ಕ್ಕೆ ಬಂತು. ಮನೆ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ, ಶಿಕ್ಷಣ, ಭಿಕ್ಷುಕರ ಕರಗಳ ಪಕ್ಕದಲ್ಲೇ ಇದೂ ಕಾಣುತ್ತದೆ. ವಸೂಲಿ ಮಾಡುವುದು ಪಂಚಾಯಿತಿಯ ಬಿಲ್ ಕಲೆಕ್ಟರ್. ವಸೂಲಿ ವೆಚ್ಚಕ್ಕೆಂದು ಸ್ವಲ್ಪ ಭಾಗ ಉಳಿಸಿಕೊಂಡು ಮಿಕ್ಕಿದ್ದನ್ನು ರಾಜ್ಯ ಸರ್ಕಾರಕ್ಕೆ ಕಟ್ಟಬೇಕು. ಊರವರು ಆರೋಗ್ಯಕ್ಕೆಂದು ಕೊಟ್ಟ ದುಡ್ಡನ್ನು ಊರ ಪಂಚಾಯಿತಿ ಖರ್ಚು ಮಾಡುವ ಹಾಗಿಲ್ಲ. ಗ್ರಾಮ ಪಂಚಾಯಿತಿಗಳು ಬಾಯಿ ಆರೋಗ್ಯಕ್ಕೆ ಏನು ಕೊಟ್ಟವು ಎಂದು ಕೇಳುವವರು ಮೊದಲು ಈ ವ್ಯವಸ್ಥೆಯನ್ನು ನೋಡಬೇಕು.

ಈ ಸೀಮೆಯಲ್ಲಿ ಹಲ್ಲಿನ ಮೊದಲ ಶತ್ರು ಸಕ್ಕರೆಗಿಂತ ನೆಲದೊಳಗಿನ ನೀರು. ರಾಯಚೂರು ಜಿಲ್ಲೆಯ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆಯ ನೆಲ. ಆ ಕಲ್ಲಿನ ಖನಿಜಗಳಿಂದ ಫ್ಲೋರೈಡ್ ಕರಗಿ ಅಂತರ್ಜಲ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕೂ ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿದರೆ, ದವಡೆಯೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳ ದಂತಕವಚ ಕೆಡುತ್ತದೆ. ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಮಚ್ಚೆ, ಹಳದಿ ಅಥವಾ ಕಂದು ಗೆರೆ ಇರುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್ ನಗರ ಹುಳುಕು ತಡೆಯಲು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಲು ಶುರು ಮಾಡಿದ್ದು 1945ರಲ್ಲಿ. ಸ್ಥಳೀಯ ಆಡಳಿತ ಹಲ್ಲಿಗಾಗಿ ಮಾಡಿದ ಖರ್ಚಿಗೆ ಜಗತ್ತಿನ ಪುಸ್ತಕಗಳು ಮೊದಲು ಕೊಡುವ ಉದಾಹರಣೆ ಅದು. ರಾಯಚೂರು ಜಿಲ್ಲೆಯ ಪಂಚಾಯಿತಿಗಳು ಅದೇ ಫ್ಲೋರೈಡನ್ನು ನೀರಿನಿಂದ ತೆಗೆಯಲು ಹಣ ಹಾಕಬೇಕಾಯಿತು.

1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಅವುಗಳ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಕಾಲರಾ, ನಾರುಹುಣ್ಣುಗಳ ಕಾಲದಲ್ಲಿ ಬೋರಿನ ನೀರು ದೊಡ್ಡ ಉಪಕಾರವೇ. ಆದರೆ ಗಟ್ಟಿ ಕಲ್ಲಿನ ಸೀಮೆಯಲ್ಲಿ ಆಳದ ನೀರಿಗೆ ಕೈಹಾಕಿದಷ್ಟೂ ಫ್ಲೋರೈಡ್ ಹೆಚ್ಚುವ ಸಂಭವವಿದೆ ಎಂಬುದು ಆಡಳಿತಕ್ಕೆ ಮನವರಿಕೆಯಾಗಲು ವರ್ಷಗಳು ಬೇಕಾದವು. ದಢೇಸುಗೂರಿನಂಥ ನದಿ ಮತ್ತು ಕಾಲುವೆ ಪಕ್ಕದ ಊರುಗಳಿಗೆ ಮೇಲ್ಮೈ ನೀರಿನ ಆಸರೆ ಇತ್ತು. 1953ರಲ್ಲಿ ತುಂಬಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಕುಡಿಯುವ ನೀರಿನ ಕೆರೆ ತುಂಬಿಸಿ, ಮರಳು ಶೋಧಕದಲ್ಲಿ ಹಾಯಿಸಿ ಕೊಡುವ ಪದ್ಧತಿ ಇಲ್ಲಿ ಬೆಳೆಯಿತು. ಕಾಲುವೆ ಮುಟ್ಟದ ಮೇಲುಭಾಗದ ಹಳ್ಳಿಗಳಿಗೆ ಬೋರೇ ಗತಿ. ಒಂದೇ ತಾಲ್ಲೂಕಿನೊಳಗೆ ಕಾಲುವೆ ನೀರು ಕುಡಿದು ಬೆಳೆದ ಮಗುವಿಗೂ ಬೋರಿನ ನೀರು ಕುಡಿದು ಬೆಳೆದ ಮಗುವಿಗೂ ಹಲ್ಲಿನ ಅದೃಷ್ಟ ಬೇರೆ ಬೇರೆಯಾಯಿತು.

1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಮತ್ತು ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದವು. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ 11ನೆಯದು ಕುಡಿಯುವ ನೀರು, 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. ಕಾಗದದ ಮೇಲೆ ಎರಡೂ ಪಂಚಾಯಿತಿಯವೇ. ನಡೆದದ್ದು ಹಾಗಲ್ಲ. ನೀರು ಗ್ರಾಮ ಪಂಚಾಯಿತಿಯ ನಿತ್ಯದ ತಲೆನೋವಾಯಿತು. ಆರೋಗ್ಯದ ಹಣ ಜಿಲ್ಲಾ ಪಂಚಾಯಿತಿಯ ಲಿಂಕ್ ಡಾಕ್ಯುಮೆಂಟ್‌ನಲ್ಲಿ, ಅಂದರೆ ರಾಜ್ಯ ಬಜೆಟ್ಟಿನಿಂದ ಜಿಲ್ಲೆಗೆ ಬರುವ ಹಣದ ಪಟ್ಟಿಯಲ್ಲಿ, ಬಂದು ಬಹುಪಾಲು ಸಂಬಳಕ್ಕೇ ಹೋಯಿತು. ಇಂಗ್ಲೆಂಡಿನಲ್ಲಿ 2013ರಿಂದ ಬಾಯಿ ಆರೋಗ್ಯದ ಪ್ರಚಾರವನ್ನು ಸ್ಥಳೀಯ ಕೌನ್ಸಿಲುಗಳಿಗೆ ವಹಿಸಿದಾಗ, ಸಾರ್ವಜನಿಕ ಆರೋಗ್ಯಕ್ಕೆಂದೇ ಮೀಸಲಿಟ್ಟ ಅನುದಾನವನ್ನೂ ಅವುಗಳ ಕೈಗೇ ಕೊಡಲಾಯಿತು. ಇಲ್ಲಿ ವಿಷಯ ಪಂಚಾಯಿತಿಗೆ ಬಂತು, ಹಣ ಇಲಾಖೆಯಲ್ಲೇ ಉಳಿಯಿತು.

ಫ್ಲೋರೈಡ್ ವಿರುದ್ಧದ ಖರ್ಚು ಮೂರು ಹಂತಗಳಲ್ಲಿ ನಡೆಯಿತು. ಮೊದಲು, ನದಿ ನೀರನ್ನು ದೂರ ಒಯ್ಯುವ ಬಹುಗ್ರಾಮ ಯೋಜನೆಗಳು. ಎರಡನೆಯದು 2013ರ ನಂತರ ರಾಜ್ಯದಾದ್ಯಂತ ಎದ್ದ ಶುದ್ಧ ಕುಡಿಯುವ ನೀರಿನ ಘಟಕಗಳು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಎಚ್.ಕೆ. ಪಾಟೀಲರ ಹೆಸರು ಇವುಗಳ ಜೊತೆ ಸೇರಿಕೊಂಡಿದೆ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಈ ಘಟಕಗಳಲ್ಲಿರುವ ಆರ್‌ಒ ಪೊರೆ ಫ್ಲೋರೈಡನ್ನು ತಡೆಯುತ್ತದೆ. ಪೊರೆ ಬದಲಿಸಲು, ಕರೆಂಟ್ ಬಿಲ್ ಕಟ್ಟಲು ಹಣ ಬೇಕು. ಅದು ಇಲ್ಲದ ಕಡೆ ಘಟಕ ಬೀಗ ಹಾಕಿಕೊಂಡು ನಿಲ್ಲುತ್ತದೆ. ಹಲ್ಲಿನ ದೃಷ್ಟಿಯಿಂದ ಘಟಕ ಕಟ್ಟಿಸುವುದಕ್ಕಿಂತ ನಡೆಸುವ ಖರ್ಚೇ ದೊಡ್ಡದು. ಮಗುವಿನ ಹಲ್ಲು ರೂಪುಗೊಳ್ಳುವ ಏಳೆಂಟು ವರ್ಷವೂ ನೀರು ಸರಿಯಿರಬೇಕಾಗುತ್ತದೆ. ಮೂರನೆಯದು 2019ರ ಜಲ ಜೀವನ್ ಮಿಷನ್. ಊರೊಳಗಿನ ಕಾಮಗಾರಿಗೆ ಸಮುದಾಯ ಸಾಮಾನ್ಯವಾಗಿ ಶೇಕಡಾ 10ರಷ್ಟು ವಂತಿಗೆ ಕೊಡಬೇಕು. ಪ್ರತಿ ಹಳ್ಳಿಯಲ್ಲೂ ಐವರು ಹೆಣ್ಣುಮಕ್ಕಳಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವೂ ಇದೆ. 15ನೇ ಹಣಕಾಸು ಆಯೋಗ 2021ರಿಂದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದದ್ದು.

ದಂತ ಚಿಕಿತ್ಸೆಯ ಕಡೆಗೆ ಸರ್ಕಾರದ ಗಮನ ತಡವಾಗಿ ಹೊರಳಿತು. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು 2014–15ರಲ್ಲಿ. ಅದೇ ಹೊತ್ತಿಗೆ ಕರ್ನಾಟಕ ‘ದಂತ ಭಾಗ್ಯ’ ತಂದು ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಡತೊಡಗಿತು. ಒಳ್ಳೆಯ ಯೋಜನೆಯೇ, ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಎರಡಕ್ಕೂ ಹಣ ಬಂದದ್ದು ಮೇಲಿನಿಂದ. ದಂತವೈದ್ಯರು ಸಾಮಾನ್ಯವಾಗಿ ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಲ್ಲ. ರಾಯಚೂರಿನಲ್ಲಿ ನವೋದಯ ಮತ್ತು ಎಎಂಇ ಸಂಸ್ಥೆಗಳ ದಂತ ಕಾಲೇಜುಗಳಿವೆ. ದಂತ ಶಿಬಿರವೆಂದರೆ ವೈದ್ಯರು ಹೊರಗಿನಿಂದ ಬರುವುದು, ಶಾಲೆಯ ಕೋಣೆ, ಶಾಮಿಯಾನ, ಡಂಗುರ ಪಂಚಾಯಿತಿಯದು ಎಂಬುದು ಹಳ್ಳಿಗಳ ರೂಢಿ.

ಪ್ರಚಾರಕ್ಕೆಂದು ಊರ ಕೈಯಲ್ಲೇ ಇರುವ ಹಣ ಒಂದಿದೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹುಟ್ಟಿದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ನಿಗದಿಯಾದದ್ದು ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿ. ಪಂಚಾಯಿತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಇರುವ ಈ ಸಮಿತಿ ಚರಂಡಿ ಶುಚಿ, ಸೊಳ್ಳೆ ಔಷಧಿಗಳ ಜೊತೆಗೆ ಅಂಗನವಾಡಿ ಮಕ್ಕಳಿಗೆ ಬ್ರಷ್ ಕೊಡಿಸಲು, ಗುಟ್ಕಾ, ತಂಬಾಕಿನ ವಿರುದ್ಧ ಗೋಡೆಬರಹ ಬರೆಸಲು ತೀರ್ಮಾನಿಸಿದರೆ ಅಡ್ಡಿಯಿಲ್ಲ. ಬಾಯಿ ಕ್ಯಾನ್ಸರಿನ ದೊಡ್ಡ ಕಾರಣ ತಂಬಾಕು. ರಾಜ್ಯ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂಬ ನಿಯಮ 2003ರ ಕೇಂದ್ರ ಕಾಯ್ದೆಯದು. ಅದನ್ನು ಪಾಲಿಸುವಂತೆ ನೋಡಿಕೊಳ್ಳಲು ಖರ್ಚೇನೂ ಇಲ್ಲ, ಪಂಚಾಯಿತಿಗೆ ಮನಸ್ಸಿರಬೇಕು.

ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯಿಂದ 2013ರ ನಂತರ ಈ ಭಾಗಕ್ಕೆ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಬರುತ್ತಿದೆ. ಅದರ ತೀರ್ಮಾನವಾಗುವುದು ಕಲಬುರಗಿಯಲ್ಲಿ, ಗ್ರಾಮಸಭೆಯಲ್ಲಿ ಅಲ್ಲ.

ಇಷ್ಟು ವರ್ಷಗಳಲ್ಲಿ ಈ ತಾಲ್ಲೂಕುಗಳ ಪಂಚಾಯಿತಿಗಳು ಹಲ್ಲಿಗಾಗಿ ಮಾಡಿದ ದೊಡ್ಡ ಖರ್ಚು ಹಲ್ಲಿನ ಹೆಸರೆತ್ತದೆ ಮಾಡಿದ ನೀರಿನ ಖರ್ಚು. ಪ್ರಚಾರದ ಪಾಲು ಅದರ ಮುಂದೆ ಲೆಕ್ಕಕ್ಕೆ ಬಾರದಷ್ಟು. 2015ರಿಂದ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಗ್ರಾಮಸಭೆಯೇ ಮುಂದಿನ ಕೆಲಸಗಳ ಪಟ್ಟಿ ಮಾಡಬೇಕು, ಆ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಲ್ಲಿ ಎದ್ದುನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಲು ಯಾವ ಹೊಸ ಅನುದಾನವೂ ಬೇಕಾಗಿಲ್ಲ.