ಚಹಾದಂಗಡಿಯ ನಂಬರು

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಹೊರಟರೆ ದೌಂಡ್ ತಾಲ್ಲೂಕಿನಲ್ಲಿ ಕುರಕುಂಭ ಸಿಗುತ್ತದೆ. ಒಂದು ಕಾಲಕ್ಕೆ ಫಿರಂಗಾಯಿ ದೇವಿಯ ಊರು ಎಂದಷ್ಟೇ ಹೆಸರು. ಈಗ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಊರೂ ಹೌದು. ದೌಂಡ್ ಪಕ್ಕ ಹರಿಯುವ ಭೀಮಾ ನದಿಯೇ ಮುಂದೆ ನಮ್ಮ ಅಫಜಲಪುರದ ಕಡೆ ಹೋಗುತ್ತದೆ. ನೀರು ಆ ಕಡೆ ಇಳಿಯುತ್ತದೆ, ಕೂಲಿ ಹುಡುಕುವ ಜನ ಈ ಕಡೆ ಏರಿ ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕಾರ್ಖಾನೆಯ ಗುತ್ತಿಗೆ ಕಾರ್ಮಿಕರಿಗಾಗಿ ನಮ್ಮ ತಂಡ ಹಾಜರಾತಿಯ ತಂತ್ರಾಂಶ ಮಾಡಿಕೊಟ್ಟಿತು. ಗೇಟಿನಲ್ಲಿ ಮೊಬೈಲ್ ನಂಬರು ಹೇಳಬೇಕು, ಅದಕ್ಕೆ ಬಂದ ಓಟಿಪಿ ಕೊಡಬೇಕು, ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ‘ಒಬ್ಬರಿಗೆ ಒಂದು ನಂಬರು, ಅದೇ ನಂಬರು ಇನ್ನೊಬ್ಬರ ಹೆಸರಿಗೆ ಬಂದರೆ ತಿರಸ್ಕರಿಸಬೇಕು’ ಎಂಬ ಸಾಲನ್ನು ಬರೆದವನು ನಾನೇ. ನಾಲ್ಕು ಮೀಟಿಂಗುಗಳಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಆ ಮೀಟಿಂಗಿನಲ್ಲಿ ಕೂತಿದ್ದ ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಫೋನಿತ್ತಲ್ಲ!

ಎರಡನೇ ವಾರ ಗೇಟಿನ ಹತ್ತಿರ ಅಫಜಲಪುರ ಕಡೆಯ ಒಬ್ಬ ಹೆಂಗಸು ನಿಂತಿದ್ದರು. ಕೆಲಸಕ್ಕೆ ಹೋಗಿಯೂ 3 ದಿನದ ಹಾಜರಿ ಬಿದ್ದಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದೇ ತಡ, “ಫೋನ್ ಒಂದೇ ಅದರಿ ಸರ. ನಮ್ಮ ಮನಿಯವರ ಹೆಸರಿಗಿ ಹಚ್ಚೀವಿ. ನನಗ ಆಗಂಗಿಲ್ಲ ಅಂತದ ನಿಮ್ಮ ಮಷೀನು” ಎಂದರು. ಗಂಡ ಬೇರೆ ಪಾಳಿಯಲ್ಲಿ. ಇಬ್ಬರ ನಡುವೆ ಒಂದು ಫೋನು.

ನಾವು ಪರಿಹಾರ ಹುಡುಕುವ ಮುಂಚೆ ಅವರೇ ಹುಡುಕಿಕೊಂಡರು. ಗೇಟಿನ ಎದುರಿನ ಚಹಾದಂಗಡಿಯವನ ನಂಬರನ್ನು ತಮ್ಮದೆಂದು ಬರೆಸಿದರು. ಬೆಳಗ್ಗೆ ಓಟಿಪಿ ಬಂದ ಕೂಡಲೇ ಆತ ರಸ್ತೆಯ ಆಚೆಯಿಂದ ಮರಾಠಿಯಲ್ಲಿ ಕೂಗುತ್ತಿದ್ದ, ಇವರು ಗೇಟಿನಲ್ಲಿ ಹೇಳುತ್ತಿದ್ದರು. ನಮ್ಮ ದೋಷಪಟ್ಟಿಯಲ್ಲಿ ಇದು ‘ಭದ್ರತಾ ಲೋಪ’ ಎಂದು ದಾಖಲಾಯಿತು. ನನಗೋ, ಹಳೆಯ ಲಗ್ನಪತ್ರಿಕೆಯೊಂದು ಕಣ್ಣ ಮುಂದೆ ಬಂತು.

ನಲವತ್ತು ದಾಟಿದವರಿಗೆ ನೆನಪಿರಬಹುದು. ಆಗಿನ ಲಗ್ನಪತ್ರಿಕೆಗಳಲ್ಲಿ ಫೋನ್ ನಂಬರಿನ ಮುಂದೆ ‘ಪಿಪಿ’ ಎಂದಿರುತ್ತಿತ್ತು. ಫೋನು ನಮ್ಮದಲ್ಲ, ಪಕ್ಕದ ಮನೆಯವರದು, ಅವರು ಕರೆದು ಕೊಡುತ್ತಾರೆ ಎಂದು ಅದರ ಅರ್ಥ. ದೂರವಾಣಿ ಇಲಾಖೆಯ ಲೆಕ್ಕದಲ್ಲಿ ಒಂದು ಸಂಪರ್ಕ. ಬೀದಿಯ ಲೆಕ್ಕದಲ್ಲಿ ಹತ್ತು ಮನೆಯ ಸಂಪರ್ಕ. ಚಹಾದಂಗಡಿಯವನು ಮಾಡುತ್ತಿದ್ದದ್ದು ಅದೇ ಪಿಪಿ ಕೆಲಸ.

ನಮ್ಮಲ್ಲಿ ಫೋನಿನ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ಇತಿಹಾಸವಾಗಿ ಬರೆಯುತ್ತೇವೆ. 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ ಸಿ-ಡಾಟ್ ಶುರುವಾಯಿತು. ಅದು ಹಳ್ಳಿಗಳಿಗಾಗಿ ರೂಪಿಸಿದ 128 ಲೈನಿನ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದೆ ಧೂಳು, ಸೆಕೆ ತಾಳುವಂತೆ ಮಾಡಿದ ಯಂತ್ರವದು. ಅದನ್ನು ಕಟ್ಟಿದವರು ನಮ್ಮ ಊರುಗಳು ಹೇಗಿರುತ್ತವೆ ಎಂದು ನೋಡಿ ಕಟ್ಟಿದ್ದರು. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿತ್ತು, ಬೂತಿನ ಮುಂದೆ ಸಾಲು ಬೆಳೆಯುತ್ತಿತ್ತು. ದರಪಟ್ಟಿ ಸರ್ಕಾರದ್ದು, ‘ಭಾನುವಾರ ರಾತ್ರಿ ಬೂತಿಗೆ ಬಾ, ನಾನೇ ಮಾಡ್ತೀನಿ’ ಎಂಬ ಏರ್ಪಾಡು ಜನರದ್ದು.

1995ರಲ್ಲಿ ಮೊಬೈಲ್ ಬಂದಾಗ ಕರೆ ಮಾಡಿದವರೂ ದುಡ್ಡು ಕೊಡಬೇಕಿತ್ತು, ಎತ್ತಿದವರೂ ಕೊಡಬೇಕಿತ್ತು. ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಆದರೆ ಕರೆ ಎತ್ತುವವರೆಗೆ ಮೀಟರು ಓಡುವುದಿಲ್ಲ ಎಂಬುದನ್ನು ಜನ ಬೇಗ ಕಂಡುಕೊಂಡರು. ಹಾಗೆ ಹುಟ್ಟಿದ್ದು ಮಿಸ್ ಕಾಲ್. ಒಂದು ರಿಂಗಾದರೆ ಊರು ಮುಟ್ಟಿದೆ, ಎರಡಾದರೆ ನೀನೇ ಮಾಡು. ಯಾವ ಕಂಪನಿಯೂ ಇದನ್ನು ವಿನ್ಯಾಸ ಮಾಡಲಿಲ್ಲ, ಯಾರ ಹೆಸರಿಗೂ ಪೇಟೆಂಟ್ ಇಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿದ್ದ ಜೊನಾಥನ್ ಡೋನರ್ ಆಫ್ರಿಕಾದ ಮಿಸ್ ಕಾಲ್ ಪದ್ಧತಿಯ ಮೇಲೆ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿಯೂ ಉಳ್ಳವನೇ ತಿರುಗಿ ಕರೆ ಮಾಡಬೇಕು ಎಂಬ ಕಟ್ಟಳೆ ಇತ್ತಂತೆ. ನಮ್ಮ ಹಾಸ್ಟೆಲ್ ಹುಡುಗರಿಗೂ ಊರಿನ ಅಪ್ಪಂದಿರಿಗೂ ನಡುವೆ ಇದ್ದದ್ದೂ ಅದೇ ತಾನೆ!

ಇಂಥ ಸಂಗತಿಗಳನ್ನು ಹುಡುಕಿಕೊಂಡು ದೇಶ ಸುತ್ತಿದವರು ಜಾನ್ ಚಿಪ್‌ಚೇಸ್. ನೋಕಿಯಾದ ವಿನ್ಯಾಸ ಸಂಶೋಧಕರಾಗಿದ್ದ ಅವರ ಕೆಲಸವೆಂದರೆ ಜನರ ಮನೆ, ಬೀದಿ, ಅಂಗಡಿಗಳಲ್ಲಿ ಕೂತು ನೋಡುವುದು. ಎಲ್ಲ ದೇಶಗಳಲ್ಲೂ ಜನ ಮನೆಯಿಂದ ಹೊರಡುವಾಗ ಮರೆಯದೆ ಹಿಡಿಯುವುದು ಬೀಗದ ಕೈ, ದುಡ್ಡು, ಫೋನು ಎಂದು ಅವರು ಗುರುತಿಸಿದರು. ಉಗಾಂಡಾದಲ್ಲಿ ಅವರು ಕಂಡದ್ದು ಇನ್ನೂ ಸ್ವಾರಸ್ಯದ್ದು. ಪಟ್ಟಣದಲ್ಲಿದ್ದವನು ರೀಚಾರ್ಜ್ ಕಾರ್ಡ್ ಕೊಂಡು, ಅದರ ಸಂಖ್ಯೆಯನ್ನು ತನ್ನ ಹಳ್ಳಿಯ ಫೋನ್ ಅಂಗಡಿಯವನಿಗೆ ಓದಿ ಹೇಳುತ್ತಾನೆ. ಅಂಗಡಿಯವನು ಅದನ್ನು ತನ್ನ ಫೋನಿಗೆ ತುಂಬಿಕೊಂಡು, ತನ್ನ ಪಾಲು ಮುರಿದುಕೊಂಡು, ಉಳಿದ ಹಣವನ್ನು ಆ ಮನೆಯವರ ಕೈಗೆ ಕೊಡುತ್ತಾನೆ. ಬ್ಯಾಂಕಿಲ್ಲದ ಊರಿಗೆ ಮನಿಯಾರ್ಡರ್ ಆಯಿತು. ಒಂದೇ ಫೋನನ್ನು ಹಲವರು ಬಳಸುತ್ತಾರೆಂಬುದು ಕಂಪನಿಗಳ ಕಣ್ಣಿಗೂ ಬಿತ್ತು: 2007ರ ನೋಕಿಯಾ 1200ರಲ್ಲಿ ಐದು ಪ್ರತ್ಯೇಕ ನಂಬರು ಪಟ್ಟಿ ಇಟ್ಟುಕೊಳ್ಳುವ ಅನುಕೂಲವಿತ್ತು.

ಮಿಸ್ ಕಾಲ್ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನೇ ಬಂಡವಾಳ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡಿತು. 2016ರಲ್ಲಿ ಜಿಯೋ ಬಂದು ಮಾತು ಪುಕ್ಕಟೆಯಾಯಿತು, ಮಿಸ್ ಕಾಲ್ ಕೊಡುವ ಅಗತ್ಯ ಕಡಿಮೆಯಾಯಿತು. ಆದರೆ 2022ರ ಮಾರ್ಚಿನಲ್ಲಿ ಸಾದಾ ಫೋನಿನವರಿಗಾಗಿ ಯುಪಿಐ 123ಪೇ ಶುರುವಾದಾಗ, ಹಣ ಕೊಡುವ ನಾಲ್ಕು ದಾರಿಗಳಲ್ಲಿ ಒಂದು ಮಿಸ್ ಕಾಲ್! 2024ರಲ್ಲಿ, ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ಪಾವತಿ ಮಾಡಲು ಅವಕಾಶ ಕೊಡುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ ಒಪ್ಪಿತು. ಬಡವರು ಕಾಸು ಉಳಿಸಲು ಮಾಡಿದ್ದು ಮೊದಲು ‘ದುರುಪಯೋಗ’ ಎನಿಸಿಕೊಳ್ಳುತ್ತದೆ, ಆಮೇಲೆ ಸಂಶೋಧನೆಯ ವಿಷಯವಾಗುತ್ತದೆ, ಕೊನೆಗೆ ‘ಸೌಲಭ್ಯ’ ಎಂಬ ಹೆಸರಿನಲ್ಲಿ ಅವರಿಗೇ ಮರಳಿ ಬರುತ್ತದೆ. ನಡುವಿನ ವರ್ಷಗಳ ನಷ್ಟ ಮಾತ್ರ ಅವರದೇ.

ಕುರಕುಂಭದ ಗೇಟಿನಲ್ಲಿ ಆಮೇಲೆ ನಾವು ಆ ನಿಯಮ ತೆಗೆದೆವು. ಓಟಿಪಿ ಬದಲು ಕಾರ್ಡ್ ಬಂತು. ಬದಲಾವಣೆಗೆ ಹಿಡಿದದ್ದು ಅರ್ಧ ದಿನದ ಕೆಲಸ. ಆ ಹೆಂಗಸಿಗೆ ಬರಬೇಕಿದ್ದ 3 ದಿನದ ಕೂಲಿಯಲ್ಲಿ ಗುತ್ತಿಗೆದಾರ 2 ದಿನದ್ದು ಕೊಟ್ಟ, ಒಂದು ದಿನದ್ದು ಬರಲೇ ಇಲ್ಲ. ನಾನು ಮೇಜಿನ ಮುಂದೆ ಕೂತು ಬರೆದ ಒಂದು ಸಾಲಿಗೆ ಅವರು ತೆತ್ತ ಬೆಲೆ ಅದು.

ಈಗ ಹೊಸ ಕೆಲಸ ಶುರುವಾದಾಗ ಮೊದಲ ದಿನ ನಾನು ಮೀಟಿಂಗ್ ಇಡುವುದಿಲ್ಲ. ತಂಡದ ಹುಡುಗರನ್ನು ಕರೆದುಕೊಂಡು ಗೇಟಿನ ಎದುರಿನ ಚಹಾದಂಗಡಿಗೆ ಹೋಗುತ್ತೇನೆ. ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಕೂತಿರುತ್ತೇವೆ.